ಹಳೆ ಮದುವೆ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಹಾಕಲು ಯಾವ ಸಾಧನ ಕೊಳ್ಳಬೇಕು? ಉಡುಪಿಯಲ್ಲಿದ್ದೇನೆ, ಹತ್ತು ವಿಎಚ್‌ಎಸ್ ಇವೆ.

ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುವುದು ಸಾಮಾನ್ಯ. ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದನ್ನು ಕ್ಯಾಸೆಟ್ಟು ಓಡಿಸುವ ಯಂತ್ರಕ್ಕೆ, ಅಂದರೆ ವಿಸಿಆರ್‌ಗೆ ಹಾಕಲೇಬೇಡಿ. ಟೇಪನ್ನು ಓದುವ ಹೆಡ್ ಕೊಳಕಾಗುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಬೂಸ್ಟು ಅಂಟುತ್ತದೆ. ನಾನು ಅಕ್ಕನ ಮದುವೆ ಟೇಪನ್ನು ಅವಸರದಲ್ಲಿ ಹಾಕಿ, ಧಾರೆಯ ಹೊತ್ತಿಗೆ ಪರದೆ ತುಂಬಾ ಬರೀ ಚುಕ್ಕೆ ನೋಡಿದವನು!

ದುಡ್ಡನ್ನು ಒಳ್ಳೆ ವಿಸಿಆರ್‌ಗೆ ಹಾಕಿ. ಹೊಸದು ಸಿಗುವುದಿಲ್ಲ, ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರಲ್ಲೇ ತಯಾರಿಕೆ ನಿಲ್ಲಿಸಿತು. ಹಳೆಯದನ್ನೇ, ಓಡಿಸಿ ನೋಡಿ ಕೊಳ್ಳಿ. ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ ಕ್ಯಾಪ್ಚರ್ ಸಾಧನ (ಟೇಪಿನ ಚಿತ್ರ, ಧ್ವನಿಯನ್ನು ಕಂಪ್ಯೂಟರ್ ಫೈಲಾಗಿಸುವಂಥದ್ದು) ಸಾಕು. ಹಳದಿ ತಂತಿ ಚಿತ್ರಕ್ಕೆ, ಕೆಂಪು-ಬಿಳಿ ಧ್ವನಿಗೆ. ಸಾಫ್ಟ್‌ವೇರಿನಲ್ಲಿ ಪಾಲ್ (PAL, ನಮ್ಮ ದೇಶದ ಹಳೆ ಟಿವಿ ಪದ್ಧತಿ), ಚಿತ್ರದ ಅಳತೆ 720×576 ಇಡಿ. ತೀರಾ ಅಗ್ಗದ್ದರಲ್ಲಿ ಸ್ವಲ್ಪ ಹೊತ್ತಾದ ಮೇಲೆ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗುವುದುಂಟು. ಹಾಗಾಗಿ ಮೊದಲು ಅರ್ಧ ಗಂಟೆ ರೆಕಾರ್ಡ್ ಮಾಡಿ ನೋಡಿ.

ಕಂಪ್ಯೂಟರ್ ತಲೆನೋವು ಬೇಡವೇ? ಹಳೆ ಡಿವಿಡಿ ರೆಕಾರ್ಡರ್ ಸಿಕ್ಕರೆ ನೇರ ಡಿಸ್ಕಿಗೇ ಬರುತ್ತದೆ. ಆದರೆ ಆಮೇಲೆ ಎಡಿಟ್ ಮಾಡುವುದು ರಗಳೆ.

4.7 ಜಿಬಿ ಡಿಸ್ಕಿನಲ್ಲಿ ಸುಮಾರು 2 ಗಂಟೆ ಹಿಡಿಯುತ್ತದೆ. 3 ಗಂಟೆಯ ಟೇಪನ್ನು ಒಂದರಲ್ಲೇ ತುರುಕಬೇಡಿ, ಚಿತ್ರ ಕೆಡುತ್ತದೆ. ಡಿಸ್ಕಿಗೂ ಬೂಸ್ಟು ಬರುತ್ತದೆ ಅಲ್ವಾ, ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಇಡಿ.

ಇಷ್ಟೆಲ್ಲ ಹತ್ತೇ ಕ್ಯಾಸೆಟ್ಟಿಗೆ ಜಾಸ್ತಿ ಅನ್ನಿಸಿದರೆ ಸ್ಟುಡಿಯೋದವರಿಗೆ ಕೊಡಿ.