ನಿಧಾನದ ಜಾಝ್ ಹಾಡಿನಲ್ಲಿ ದನಿ ಗಿಟಾರ್ ಕೆಳಗೆ ಮುಚ್ಚಿಹೋಗುತ್ತಿದ್ದರೆ

ಜೊತೆಗಾರರ ಗಿಟಾರ್ ವಾಲ್ಯೂಮ್ ಇಳಿಸಿದರೂ ಹಾಡುವ ನಿಮ್ಮ ದನಿ ಕೇಳಿಸುತ್ತಿಲ್ಲ ಅಂತ ಕೇಳಿದ್ದೀರಿ. ತೊಂದರೆ ಬಹುಶಃ ಕಾರ್ಡ್‌ಗಳದ್ದು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳದ್ದು. ಜೊತೆಗಾರರು ಆರೂ ತಂತಿ ಮೀಟುತ್ತಾರೆ ಅಂತ ಬರೆದಿದ್ದೀರಲ್ಲ, ಆಗ ತೆಳು ತಂತಿಗಳ ಸ್ವರ ನೀವು ಹಾಡುವ ಜಾಗದಲ್ಲೇ ಬಂದು ಕೂರುತ್ತದೆ. ನನಗೂ ನನ್ನ ಜೊತೆಗಾರರಿಗೂ ಇದೇ ಆಗಿತ್ತು.

ಮೊದಲು ಅತಿ ತೆಳುವಾದ ಎರಡು ತಂತಿಗಳನ್ನು ಬಿಡಲು ಅವರಿಗೆ ಹೇಳಿ. ಕಾರ್ಡಿನ ಮೂಲ ಸ್ವರವನ್ನು 1 ಅಂತ ಎಣಿಸಿದರೆ ಬರುವ 3 ಮತ್ತು 7ನೇ ಸ್ವರ ಸಾಕು. ಡಿ ಮೈನರ್ 7 ಕಾರ್ಡಿಗೆ 4ನೇ ತಂತಿಯ (ಅತಿ ತೆಳು ತಂತಿಯಿಂದ ಎಣಿಸಿ) 3ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ), 3ನೇ ತಂತಿಯ 5ನೇ ಫ್ರೆಟ್. ಜಿ 7 ಬೇಕಾದಾಗ 5ರ ಬೆರಳು 4ಕ್ಕೆ ಜಾರಿದರೆ ಮುಗೀತು, ಆ ಒಂದೇ ಸ್ವರ ಇಳಿಯುವುದು ಎಷ್ಟು ಚೆಂದ ಅಲ್ವಾ.

ಆಮೇಲೆ ನೀವು ಹಾಡುವಾಗ ಅವರು ಆದಷ್ಟು ಸುಮ್ನಿರಲಿ, ನೀವು ಉಸಿರು ಎಳೆದುಕೊಳ್ಳುವಾಗ ಮೀಟಲಿ. ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಮತ್ತು ಗಿಟಾರ್ ವಾದಕ ಜೋ ಪಾಸ್ 1973ರಲ್ಲಿ ಇಬ್ಬರೇ ಮಾಡಿದ ರೆಕಾರ್ಡಿಂಗ್ ಒಟ್ಟಿಗೆ ಕೂತು ಕೇಳಿ.

ಹೀಗೆ ಜಾಗ ಬಿಟ್ಟಾಗ ವೇಗ ಕುಸಿಯುತ್ತದೆ. ನಿಮಿಷಕ್ಕೆ 60 ಬೀಟ್‌ನ ಹಾಡಿಗೆ ಮೆಟ್ರೋನೋಮ್ (ತಾಳಕ್ಕೆ ಟಿಕ್ ಅನ್ನುವ ಸಾಧನ) 30ಕ್ಕೆ ಇಟ್ಟು, ಟಿಕ್ ಬಂದಾಗ 2 ಮತ್ತು 4ನೇ ಬೀಟ್ ಅಂತ ಎಣಿಸಿ.

ನಿಮ್ಮ ಹಾಡು ನಾನು ಕೇಳಿಲ್ಲ, ಸ್ಕೇಲ್ ನಿಮಗೆ ತಗ್ಗಾಗಿದ್ದರೂ ಹೀಗಾಗಬಹುದು. ಇಷ್ಟಕ್ಕೂ ಸರಿಹೋಗದಿದ್ದರೆ ಎಲ್ಲವನ್ನೂ ಎರಡು ಫ್ರೆಟ್ ಮೇಲಕ್ಕೆ ಸರಿಸಿ ಹಾಡಿ ನೋಡಿ.