ಯಾರದ್ದೋ ಸಾಲಕ್ಕೆ ನನಗೆ ರಿಕವರಿ ಕರೆ ಬರುತ್ತಿದೆ, ನಿಲ್ಲಿಸುವುದು ಹೇಗೆ?

ಹೆಸರೇ ಕೇಳಿರದ ವ್ಯಕ್ತಿಯ ಸಾಲಕ್ಕೆ ದಿನವೂ ಕರೆ ಬರುತ್ತಿದೆ, 'ರಾಂಗ್ ನಂಬರ್' ಅಂತ ಎಷ್ಟು ಹೇಳಿದರೂ ಬಿಡುತ್ತಿಲ್ಲ ಅಂದಿದ್ದೀರಿ. ಬಿಡದಿರುವುದಕ್ಕೆ ಕಾರಣವಿದೆ. ಕರೆ ಮಾಡುವ ಸಾಲ ವಸೂಲಿ ಏಜೆಂಟನ ಕೈಯಲ್ಲಿರುವುದು ಸಾಲ ಕೊಟ್ಟವರು ಕಳಿಸಿದ ಪಟ್ಟಿ. ಅವನಿಗೆ ನೀವು ಹೇಳಿದ ಮಾತು ಸಾಮಾನ್ಯವಾಗಿ ಬ್ಯಾಂಕಿನ ದಾಖಲೆ ತನಕ ತಲುಪುವುದೇ ಇಲ್ಲ. ಅದೇ ಪಟ್ಟಿ ನಾಳೆ ಬೇರೆ ಏಜೆನ್ಸಿಗೆ ಹೋದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ಏಜೆಂಟನ ಜೊತೆ ಜಗಳ ಬೇಡ, ಸಾಲ ಕೊಟ್ಟ ಸಂಸ್ಥೆಗೇ ಲಿಖಿತ ದೂರು ಹೋಗಬೇಕು.

ಮುಂದಿನ ಕರೆಯಲ್ಲಿ ಸಾಲ ಕೊಟ್ಟವರು ಯಾರು, ಏಜೆನ್ಸಿ ಯಾವುದು, ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ ಏನು ಅಂತ ಕೇಳಿ ಬರೆದಿಟ್ಟುಕೊಳ್ಳಿ. 'ವೆರಿಫೈ ಮಾಡಬೇಕು, ನಿಮ್ಮ ಪ್ಯಾನ್, ಹುಟ್ಟಿದ ದಿನಾಂಕ ಹೇಳಿ' ಅಂದರೆ ಹೇಳಬೇಡಿ. ಸಾಲದ ಹೆಸರಲ್ಲಿ ಮಾಹಿತಿ ಕದಿಯುವವರೂ ಹೀಗೇ ಕೇಳುತ್ತಾರೆ. ಕಾಟ ತಪ್ಪಿದರೆ ಸಾಕು ಅಂತ ಐನೂರು ರೂಪಾಯಿ ಕಟ್ಟುವುದಂತೂ ಬೇಡವೇ ಬೇಡ. ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ.

ಆಮೇಲೆ ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ವಿವರದ ವರದಿ, ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಈ ನಾಲ್ಕೂ ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೊಂದು ಪೂರ್ಣ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಆ ಸಾಲ ಯಾವುದರಲ್ಲೂ ಇಲ್ಲ ಅಂದರೆ ಸಮಸ್ಯೆ ಬಹುತೇಕ ಫೋನ್ ನಂಬರಿನದ್ದು ಮಾತ್ರ: ನಿಮ್ಮ ಸಿಮ್ ನಂಬರ್ ಮೊದಲು ಸಾಲಗಾರನದ್ದಾಗಿತ್ತು, ಇಲ್ಲವೇ ಯಾರೋ ನಿಮ್ಮನ್ನು ರೆಫರೆನ್ಸ್ (ತಮ್ಮನ್ನು ಬಲ್ಲವರು) ಅಂತ ಬರೆದಿದ್ದಾರೆ. ರೆಫರೆನ್ಸ್ ಅಂದರೆ ಜಾಮೀನಲ್ಲ. ಜಾಮೀನು ಪತ್ರಕ್ಕೆ ಸಹಿ ಹಾಕದವರು ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ.

ಸಾಲ ರಿಪೋರ್ಟಿನಲ್ಲೇ ಕಂಡರೆ ವಿಷಯ ಗಂಭೀರ. ಹೆಸರು, ಪ್ಯಾನ್, ಹುಟ್ಟಿದ ದಿನಾಂಕ, ವಿಳಾಸ ಒಂದೊಂದಾಗಿ ಹೋಲಿಸಿ. ನೀವು ಎಂದೂ ಇರದ ಊರಿನ ವಿಳಾಸವಿದ್ದರೆ ಅದೇ ಹೆಸರಿನ ಇನ್ನೊಬ್ಬರ ಕಡತ ನಿಮ್ಮದರ ಜೊತೆ ಬೆರೆತಿರಬಹುದು. ಪ್ಯಾನ್ ನಿಮ್ಮದೇ, ಸಾಲ ಮಾತ್ರ ಗೊತ್ತೇ ಇಲ್ಲ ಅಂದರೆ ಅದು ವಂಚನೆ ಇರಬಹುದು: ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಇಟ್ಟುಕೊಳ್ಳಿ. ಎರಡೂ ಸಂದರ್ಭದಲ್ಲಿ ಆ ರಿಪೋರ್ಟ್ ಕೊಟ್ಟ ಬ್ಯೂರೋಗೆ ತಕರಾರು ಸಲ್ಲಿಸಬೇಕು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ನಿಮಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಆರ್‌ಬಿಐ ಆದೇಶಿಸಿದೆ.

ದೂರನ್ನು ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಇಷ್ಟು ಸಾಕು: 'ಈ ಸಾಲ ನನ್ನದಲ್ಲ, ನಾನು ಜಾಮೀನುದಾರನೂ ಅಲ್ಲ. ಈ ನಂಬರನ್ನು ಆ ಸಾಲದ ಖಾತೆಯಿಂದ ತೆಗೆದು, ನಿಮ್ಮ ಎಲ್ಲ ಏಜೆನ್ಸಿಗಳಿಗೂ ತಿಳಿಸಿ, ಲಿಖಿತವಾಗಿ ಖಚಿತಪಡಿಸಿ.' ಕರೆ ಬಂದ ದಿನಾಂಕ, ಸಮಯ, ನಂಬರುಗಳನ್ನು ಕೆಳಗೆ ಹಾಕಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಂದ ಕರೆಗಳನ್ನು ಬೇರೆಯಾಗಿ ತೋರಿಸಿ. ಸಾಲ ಮಾಡಿದವರಿಗೇ ಆ ಹೊತ್ತಲ್ಲಿ ಕರೆ ಮಾಡುವಂತಿಲ್ಲ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಎಷ್ಟೋ ಜನ ಎಡವುವುದು ಇಲ್ಲೇ, ಕಸ್ಟಮರ್ ಕೇರ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗುತ್ತಾರೆ. 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ, ದೂರು ಸಲ್ಲಿಸುವ ಸಿಎಂಎಸ್ ವೆಬ್‌ಸೈಟಿನಲ್ಲಿ ಉಚಿತವಾಗಿ ದೂರು ಕೊಡಬಹುದು.

ಯಾರಾದರೂ ಮನೆ ಬಾಗಿಲಿಗೇ ಬಂದರೆ ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರ ಪತ್ರ ಎರಡನ್ನೂ ತೋರಿಸಲು ಹೇಳಿ. ಒಳಗೆ ಕರೆಯಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬೆದರಿಸಿದರೆ ಅಲ್ಲಿಂದಲೇ 112ಕ್ಕೆ ಕರೆ ಮಾಡಿ.