ನನ್ನ ಬಳಿ ಕಲಿತವನಲ್ಲಿಗೇ ಕೆಲಸಕ್ಕೆ ಹೋಗಲೇ?

ಪ್ರಶ್ನೆ: ನನಗೆ 49 ವರ್ಷ. ದಾವಣಗೆರೆಯಲ್ಲಿ ಬಹಳ ವರ್ಷಗಳಿಂದ ಆಫ್‌ಸೆಟ್ ಮುದ್ರಣಾಲಯ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರಗಳೇ ನಮ್ಮ ಆಧಾರ. ಈಗ ಆಮಂತ್ರಣಗಳು ಮೊಬೈಲಿನಲ್ಲೇ ಹೋಗುತ್ತವೆ, ಬಿಲ್ಲುಗಳು ಕಂಪ್ಯೂಟರಿನಲ್ಲೇ ಬರುತ್ತವೆ. ಮನೆ ಅಡವಿಟ್ಟು ತಂದ ಯಂತ್ರದ ಕಂತನ್ನು ಆರು ತಿಂಗಳಿಂದ ಕಟ್ಟಿಲ್ಲ; ಕಳೆದ ವಾರ ಬ್ಯಾಂಕಿನ ನೋಟಿಸು ಬಂದಿದೆ. ಕೈಸಾಲದ ಪೂರ್ತಿ ಲೆಕ್ಕವನ್ನು ಹೆಂಡತಿಗೂ ಹೇಳಿಲ್ಲ. ನಮ್ಮಲ್ಲಿ ಕಾಗದ ಜೋಡಿಸಲು ಸೇರಿ ಕೆಲಸ ಕಲಿತ ಹುಡುಗ ಇಂದು ಪ್ಯಾಕಿಂಗ್ ಡಬ್ಬಿಗಳನ್ನು ಮುದ್ರಿಸುವ ದೊಡ್ಡ ಘಟಕ ನಡೆಸುತ್ತಿದ್ದಾನೆ. "ಸಾರ್, ನಮ್ಮಲ್ಲಿ ಬಂದು ಮೇಲುಸ್ತುವಾರಿ ನೋಡಿಕೊಳ್ಳಿ" ಎಂದು ಎರಡು ಸಲ ಕೇಳಿದ್ದಾನೆ. ಮಾಲೀಕನಾಗಿದ್ದವನು ಅಲ್ಲಿ ಹೇಗೆ ನಿಲ್ಲಲಿ? ನನ್ನ ಭಾವಮೈದುನ ದಿನವೂ ಬೆಳಿಗ್ಗೆ ಅಮಿತಾಭ್ ಬಚ್ಚನ್ ಅವರ ವಿಡಿಯೊ ಕಳಿಸಿ, "ಅವರು ಕೈಬಿಡಲಿಲ್ಲ, ನೀವೂ ಪ್ರೆಸ್ ಮುಚ್ಚಬೇಡಿ" ಎನ್ನುತ್ತಾನೆ. ಅವರಿಗೆ ಹೆಸರಿತ್ತು, ನನಗೇನಿದೆ ಎಂದು ಸಿಟ್ಟು ಬರುತ್ತದೆ. ಕೆಲವು ರಾತ್ರಿ ನಾನೇ ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದೇನೋ ಎನಿಸುತ್ತದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ನೀವು ಇಲ್ಲದಿದ್ದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಸಾಲ ಇದ್ದಲ್ಲಿಯೇ ಇರುತ್ತದೆ, ಅದರ ಲೆಕ್ಕವನ್ನೇ ಅರಿಯದ ನಿಮ್ಮ ಪತ್ನಿ ಅದನ್ನು ಒಬ್ಬರೇ ಎದುರಿಸಬೇಕಾಗುತ್ತದೆ. ಅಂಥ ಯೋಚನೆ ಮತ್ತೆ ಬಂದರೆ, ಅದು ಯಾವ ಹೊತ್ತೇ ಆಗಿರಲಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಇದನ್ನು ನಾನು ಔಪಚಾರಿಕವಾಗಿ ಹೇಳುತ್ತಿಲ್ಲ. ಮುಂದೆ ಬರೆಯುವುದೆಲ್ಲ ನೀವು ಇದನ್ನು ಒಪ್ಪಿದ್ದೀರೆಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ಇನ್ನು ಅಮಿತಾಭ್ ಅವರ ವಿಚಾರ. ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಅವರಿಗೆ ದೇಶವೆಲ್ಲ ಗುರುತಿಸುವ ಮುಖವಿತ್ತು, ಬಾಗಿಲು ತಟ್ಟಿದರೆ ತೆರೆಯುವ ಸ್ನೇಹಿತರಿದ್ದರು. ಆ ಅನುಕೂಲ ನಿಮಗಿಲ್ಲ. ಆದ್ದರಿಂದ ಅವರಿಗೆ ಸಾಧ್ಯವಾದದ್ದು ನಿಮಗೂ ಸಾಧ್ಯ ಎಂಬ ಸುಲಭದ ಮಾತನ್ನು ನಾನು ಹೇಳುವುದಿಲ್ಲ. ಆದರೆ ನಿಮ್ಮ ಭಾವಮೈದುನ ಆ ಬದುಕಿನಿಂದ ತೆಗೆದಿರುವ ಪಾಠ ತಪ್ಪು ಎಂಬುದೇ ನನ್ನ ಮುಖ್ಯವಾದ ತಕರಾರು. ಅವರ ಕಷ್ಟದ ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡಿದರೆ, ಅವರು ಏನನ್ನು ಹಿಡಿದುಕೊಂಡರು ಎಂಬುದಕ್ಕಿಂತ ಏನನ್ನು ಬಿಟ್ಟುಕೊಟ್ಟರು ಎಂಬುದೇ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ.

ಆರಂಭದ ಸೋಲುಗಳನ್ನು ಎಲ್ಲರೂ ಬಲ್ಲರು. 1969ರಲ್ಲಿ ಮೊದಲ ಚಿತ್ರ ಬಂದ ಮೇಲೆ ಒಂದರ ಹಿಂದೊಂದು ಚಿತ್ರ ಬಿದ್ದು, 1973ರ 'ಜಂಜೀರ್' ಬರುವ ತನಕ ಅವರನ್ನು ನಾಯಕನೆಂದು ನಂಬಿದವರು ಕಡಿಮೆ. 1982ರ ಜುಲೈನಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ 'ಕೂಲಿ' ಚಿತ್ರದ ಹೊಡೆದಾಟದ ದೃಶ್ಯವನ್ನು ಚಿತ್ರಿಸುವಾಗ ಹೊಟ್ಟೆಗೆ ಪೆಟ್ಟು ಬಿದ್ದು ಸಾವಿನ ಅಂಚಿಗೆ ಹೋಗಿಬಂದರು. ಆಗ ಅವರನ್ನು ಉಳಿಸಲು ಸುಮಾರು 200 ಮಂದಿಯ ರಕ್ತ ನೀಡಲಾಗಿತ್ತು. ಆ ರಕ್ತದ ಮೂಲಕವೇ ಹೆಪಟೈಟಿಸ್ ಬಿ ಸೋಂಕು ಒಳಸೇರಿ, ಯಕೃತ್ತಿನ ಮುಕ್ಕಾಲು ಭಾಗ ಹಾಳಾಗಿರುವುದು ಬಹಳ ವರ್ಷಗಳ ಅನಂತರವಷ್ಟೇ ಗೊತ್ತಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಪಘಾತದ ಬಳಿಕ ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆಯೂ ಬಂತು. 1984ರಲ್ಲಿ ಅಲಹಾಬಾದಿನಿಂದ ಲೋಕಸಭೆಗೆ ಗೆದ್ದವರು 1987ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಇವೆಲ್ಲ ದೊಡ್ಡ ಪೆಟ್ಟುಗಳೇ, ಆದರೆ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಇದರ ಮುಂದಿನ ಭಾಗ.

1990ರ ದಶಕದ ಮಧ್ಯದಲ್ಲಿ ಅವರು ಎಬಿಸಿಎಲ್ ಎಂಬ ಮನರಂಜನಾ ಕಂಪನಿಯನ್ನು ಕಟ್ಟಿದರು. ಸಿನಿಮಾ ನಿರ್ಮಾಣ, ವಿತರಣೆ, ಸಂಗೀತ, ಕಾರ್ಯಕ್ರಮ ಆಯೋಜನೆ ಎಲ್ಲವನ್ನೂ ಒಂದೇ ಸೂರಿನಡಿ ತರುವ ಉದ್ದೇಶ ಅದಕ್ಕಿತ್ತು. 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆಯನ್ನು ನಡೆಸಿದ್ದು ಅದೇ ಕಂಪನಿ. ಅಂದಿನ ಪ್ರತಿಭಟನೆಗಳು ನಿಮಗೂ ನೆನಪಿರಬಹುದು. ಆ ಕಾರ್ಯಕ್ರಮ ಭಾರಿ ನಷ್ಟ ತಂದಿತು, ನಿರ್ಮಿಸಿದ ಚಿತ್ರಗಳು ಕೈಹಿಡಿಯಲಿಲ್ಲ, ಕಂಪನಿ ಕುಸಿಯಿತು. ಸುಮಾರು 90 ಕೋಟಿ ರೂಪಾಯಿ ಸಾಲ, 55 ಮೊಕದ್ದಮೆಗಳು, ಮನೆಯ ಬಾಗಿಲಿಗೇ ಬಂದು ನಿಲ್ಲುವ ಸಾಲ ಕೊಟ್ಟವರು – ಇದು ಅವರೇ ಮುಂದೆ ವಿವರಿಸಿದ ಸ್ಥಿತಿ. ಸಾಲ ವಸೂಲಿಯ ದಾವೆ ಇತ್ಯರ್ಥವಾಗುವ ತನಕ ಮುಂಬೈನ ತಮ್ಮ ಮನೆ 'ಪ್ರತೀಕ್ಷಾ'ವನ್ನು ಮಾರದಂತೆ 1999ರಲ್ಲಿ ಬಾಂಬೆ ಹೈಕೋರ್ಟ್ ಅವರನ್ನು ನಿರ್ಬಂಧಿಸಿತು. ನೋಟಿಸು ಕೈಗೆ ಬಂದ ದಿನ ಮನೆಯ ಗೋಡೆಗಳನ್ನು ನೋಡುವಾಗ ಏನನ್ನಿಸುತ್ತದೆ ಎಂಬುದು ನಿಮಗೆ ಗೊತ್ತು. ಆ ಒಂದು ವಿಷಯದಲ್ಲಿ ಅವರ ಹೆಸರು ಅವರಿಗೂ ಆಸರೆಯಾಗಿರಲಾರದು ಎಂದು ನಾನು ಭಾವಿಸುತ್ತೇನೆ.

ಈಗ, ವಿಡಿಯೊಗಳು ಅವಸರದಲ್ಲಿ ದಾಟಿಬಿಡುವ ಭಾಗಕ್ಕೆ ಬರೋಣ. 1997ರಿಂದ 1999ರವರೆಗೆ ಅಮಿತಾಭ್ ಮಾಡಿದ್ದು, ನಿಮ್ಮ ಭಾವಮೈದುನ ಈಗ ನಿಮಗೆ ಮಾಡಿ ಎನ್ನುತ್ತಿರುವುದನ್ನೇ. ಐದು ವರ್ಷಗಳ ಬಿಡುವಿನ ನಂತರ 'ಮೃತ್ಯುದಾತಾ' ಚಿತ್ರದಲ್ಲಿ ಹಳೆಯ ಅಮಿತಾಭ್ ಆಗಿಯೇ ಮರಳಿದರು: ಅದೇ ಕೋಪ, ಅದೇ ಹೊಡೆದಾಟ, ಅದೇ ನಾಯಕಪಟ್ಟ. ಚಿತ್ರ ಸೋತಿತು. ನಂತರದ ಎರಡು ವರ್ಷಗಳಲ್ಲಿ ಒಂದೆರಡನ್ನು ಬಿಟ್ಟರೆ ಹೆಚ್ಚಿನ ಚಿತ್ರಗಳು ಅವರನ್ನು ಮೇಲೆತ್ತಲಿಲ್ಲ. ಅವರಲ್ಲಿ ಶ್ರಮ ಕಡಿಮೆಯಿತ್ತೇ? ಪ್ರತಿಭೆ ಹೋಗಿತ್ತೇ? ಎರಡೂ ಅಲ್ಲ. ಅವರು ಹಿಡಿದುಕೊಂಡಿದ್ದ ಪಾತ್ರದ ಕಾಲ ಮುಗಿದಿತ್ತು, ಅಷ್ಟೇ. ನಿಮ್ಮ ಮುದ್ರಣಾಲಯಕ್ಕೂ ಇದೇ ಆಗಿದೆ. ಜನ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲಿ ಕಳಿಸತೊಡಗಿದ್ದು ನಿಮ್ಮ ಮುದ್ರಣ ಕೆಟ್ಟಿತೆಂದಲ್ಲ. ಇನ್ನೂ ಒಂದು ವರ್ಷ ಹಗಲಿರುಳು ದುಡಿದರೂ ಆ ಗಿರಾಕಿ ತಿರುಗಿ ಬರುವ ಲಕ್ಷಣ ನಿಮ್ಮ ಪತ್ರದಲ್ಲಿ ಎಲ್ಲಿಯೂ ನನಗೆ ಕಾಣಲಿಲ್ಲ.

ಮುಂದೆ ಅವರು ಮಾಡಿದ್ದು ಮೂರು ಕೆಲಸ, ಮೂರೂ ಅಭಿಮಾನಕ್ಕೆ ಬಿಸಿ ತಾಗಿಸುವಂಥವು. ತಮ್ಮ ಮನೆಯ ಸಮೀಪದಲ್ಲೇ ಇದ್ದ ನಿರ್ದೇಶಕ ಯಶ್ ಚೋಪ್ರಾ ಅವರ ಮನೆಗೆ ನಡೆದುಕೊಂಡು ಹೋಗಿ, ನನಗೆ ಕೆಲಸವಿಲ್ಲ, ಕೆಲಸ ಕೊಡಿ ಎಂದು ನೇರವಾಗಿ ಕೇಳಿದರು. ಇದನ್ನು ಅವರು ಎಲ್ಲಿಯೂ ಮುಚ್ಚಿಟ್ಟಿಲ್ಲ. ಹಾಗೆ ಸಿಕ್ಕಿದ್ದು 2000ದ ಅಕ್ಟೋಬರಿನಲ್ಲಿ ಬಿಡುಗಡೆಯಾದ 'ಮೊಹಬ್ಬತೇಂ'. ಅದರಲ್ಲಿ ಪ್ರೇಮಿಯ ಪಾತ್ರ ಶಾರುಖ್ ಖಾನ್ ಅವರದು. ಅಮಿತಾಭ್ ಅವರಿಗೆ ದೊರೆತದ್ದು ಕಟ್ಟುನಿಟ್ಟಿನ ಹಿರಿಯ ಪ್ರಾಂಶುಪಾಲನ ಪಾತ್ರ. ಎರಡು ದಶಕ ಹಿಂದಿ ಚಿತ್ರರಂಗದ ಕೇಂದ್ರದಲ್ಲಿದ್ದವರು ತಮಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಿರಿಯ ನಟನಿಗೆ ಆ ಜಾಗ ಬಿಟ್ಟು ಪಕ್ಕದಲ್ಲಿ ನಿಂತರು. ಅದೇ ವರ್ಷದ ಜುಲೈ 3ರಂದು 'ಕೌನ್ ಬನೇಗಾ ಕರೋಡ್‌ಪತಿ' ಆರಂಭವಾಯಿತು. ಹಿರಿತೆರೆಯ ನಟ ಕಿರುತೆರೆಗೆ ಹೋದರೆ ಬೆಲೆ ಕಳೆದುಕೊಳ್ಳುತ್ತಾನೆ ಎಂಬುದು ಅಂದು ಉದ್ಯಮದ ಗಟ್ಟಿ ನಂಬಿಕೆ, ಆಪ್ತರೂ ಬೇಡವೆಂದಿದ್ದರು. ಆಗ ಅವರಿಗೆ 57 ವರ್ಷ. ಬೆನ್ನುಮೂಳೆಯ ಕ್ಷಯರೋಗಕ್ಕೆ ಮಾತ್ರೆ ನುಂಗುತ್ತಲೇ ಆ ಕುರ್ಚಿಯಲ್ಲಿ ಕುಳಿತು, ಎದುರಿಗೆ ಕುಳಿತ ಸಾಮಾನ್ಯರನ್ನು ಗೌರವದಿಂದ ಮಾತಾಡಿಸಿದರು. ಆ ಮಾತಿನ ಸೌಜನ್ಯವೇ ಅವರಿಗೆ ಎರಡನೆಯ ಬದುಕು ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಸಾಲದ ಮಾತು. ಕಂಪನಿಯನ್ನು ಮುಚ್ಚಿ ಕೈತೊಳೆದುಕೊಳ್ಳಿ ಎಂದವರಿದ್ದರೂ, ಜನ ಹಣ ಹಾಕಿದ್ದು ತಮ್ಮ ಹೆಸರನ್ನು ನಂಬಿ ಎಂಬ ಕಾರಣಕ್ಕೆ ಸಾಲ ಕೊಟ್ಟವರನ್ನು ತಾವೇ ಹುಡುಕಿಕೊಂಡು ಹೋಗಿ ತೀರಿಸಿದರು. ದೂರದರ್ಶನ ಬಡ್ಡಿಯ ಬಾಬ್ತು ಕೇಳಿದಾಗ, ಅದಕ್ಕೆ ಬದಲಾಗಿ ಅವರ ಜಾಹೀರಾತುಗಳಲ್ಲಿ ದುಡಿದುಕೊಟ್ಟರಂತೆ. ಹಣವಿಲ್ಲದ ಕಡೆ ಕೆಲಸವನ್ನು ಮುಂದಿಟ್ಟ ಈ ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ನಿಮ್ಮ ಬಳಿ ಈಗ ಉಳಿದಿರುವ ದೊಡ್ಡ ಆಸ್ತಿಯೂ ನಿಮ್ಮ ಕೆಲಸವೇ. ಬಣ್ಣದ ಹದ, ಕಾಗದದ ಗುಣ, ಯಂತ್ರ ಕೈಕೊಟ್ಟಾಗ ಎಲ್ಲಿ ನೋಡಬೇಕೆಂಬ ಅರಿವು – ಇವುಗಳ ಮೇಲೆ ಯಾವ ಬ್ಯಾಂಕಿನ ಅಡಮಾನವೂ ಇಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೋಗಿ, ಆ ಕೆಲಸ ಒಪ್ಪಿಕೊಳ್ಳಿ. ಆ ಹುಡುಗ ನಿಮ್ಮನ್ನು ಎರಡು ಸಲ ಕೇಳಿದ್ದಾನೆ, ಇಂದಿಗೂ "ಸಾರ್" ಎನ್ನುತ್ತಾನೆ. ನೀವು ಅದರಲ್ಲಿ ಕರುಣೆಯನ್ನು ಕಾಣುತ್ತಿದ್ದೀರಿ. ನನಗೆ ಕಾಣುವುದು ಒಬ್ಬ ಜಾಣ ಉದ್ಯಮಿಯ ಲೆಕ್ಕಾಚಾರ ಮತ್ತು ಒಬ್ಬ ಶಿಷ್ಯನ ಕೃತಜ್ಞತೆ, ಎರಡೂ ಸೇರಿದ್ದು. ಅವನಿಗೆ ಅನುಭವಸ್ಥರು ಬೇಕು, ಆ ಅನುಭವ ಎಂಥದ್ದೆಂದು ಅವನು ಕಣ್ಣಾರೆ ಕಂಡಿದ್ದಾನೆ. ಆದರೆ ಸಂಕೋಚಕ್ಕೆ ಬಿದ್ದು ಮಾತನ್ನು ಅರ್ಧಕ್ಕೆ ಬಿಡಬೇಡಿ. ಸಂಬಳ ಎಷ್ಟು, ವೇಳೆ ಯಾವುದು, ಯಾವ ನಿರ್ಧಾರ ನಿಮ್ಮದು, ಯಾವುದು ಅವನದು ಎಂಬುದನ್ನು ಸೇರುವ ಮುಂಚೆಯೇ ಬರಹದಲ್ಲಿ ಮಾಡಿಕೊಳ್ಳಿ. ಕೆಲಸಗಾರರ ಎದುರು ಅವನ ಮಾತನ್ನು ತಿದ್ದದಿರುವುದು ನಿಮ್ಮ ಪಾಲಿಗೆ ಕಠಿಣವಾಗಲಿದೆ. ಮೊದಲ ತಿಂಗಳುಗಳಲ್ಲಿ ನಿಮ್ಮನ್ನು ಹೆಚ್ಚು ದಣಿಸುವುದು ಅದೇ. ನಿಮ್ಮ ಯಂತ್ರವನ್ನು ಅವನ ಘಟಕಕ್ಕೆ ಬಾಡಿಗೆಗೆ ಕೊಡಲು ಅಥವಾ ಒಳ್ಳೆಯ ಬೆಲೆಗೆ ಮಾರಲು ಸಾಧ್ಯವೇ ಎಂದೂ ಕೇಳಿ ನೋಡಿ. ಸಾಲದ ಯಂತ್ರವಾದ್ದರಿಂದ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮಾತ್ರ ಮಾರಬೇಡಿ.

ಬ್ಯಾಂಕಿನ ನೋಟಿಸನ್ನು ಕಪಾಟಿನಲ್ಲಿಡಬೇಡಿ. ಅದು, ಸಾಲ ತೀರದಿದ್ದಾಗ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ ಕೆಳಗಿನ ಬೇಡಿಕೆ ನೋಟಿಸಾಗಿದ್ದರೆ, ಮನೆಯ ಮೇಲೆ ಕ್ರಮ ಕೈಗೊಳ್ಳುವ ಮೊದಲು ನಿಮಗೆ 60 ದಿನಗಳ ಅವಕಾಶವಿರುತ್ತದೆ, ಅದರಲ್ಲಿ ಒಂದು ವಾರ ಈಗಾಗಲೇ ಕಳೆದಿದೆ. ನೀವು ಲಿಖಿತವಾಗಿ ಆಕ್ಷೇಪ ಅಥವಾ ಮನವಿ ಸಲ್ಲಿಸಿದರೆ ಬ್ಯಾಂಕು ಅದನ್ನು ಪರಿಶೀಲಿಸಿ ಉತ್ತರಿಸಬೇಕು. ಹೊಸ ಕೆಲಸದ ಪತ್ರ ಕೈಯಲ್ಲಿದ್ದರೆ ಕಂತುಗಳ ಮರುಹೊಂದಾಣಿಕೆ ಅಥವಾ ಒಂದೇ ಸಲದ ಇತ್ಯರ್ಥದ ಮಾತುಕತೆಗೆ ಬಲ ಬರುತ್ತದೆ. ವ್ಯವಸ್ಥಾಪಕರನ್ನು ಕಾಣುವ ಮೊದಲು ಒಬ್ಬ ವಕೀಲರಿಗೆ ಕಾಗದಗಳನ್ನು ತೋರಿಸಿ. ಶುಲ್ಕ ಭರಿಸುವುದು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಿ.

ಇವೆಲ್ಲಕ್ಕೂ ಮುಂಚೆ ನಿಮ್ಮ ಪತ್ನಿಯೊಂದಿಗೆ ಕುಳಿತು ಪೂರ್ತಿ ಲೆಕ್ಕ ಹೇಳಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾರು ಕಾಯಬಲ್ಲರು, ಯಾರು ಕಾಯಲಾರರು ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಅವರಿಗೆ ಸಿಟ್ಟು ಬರಬಹುದು, ಅದಕ್ಕೆ ಅವರಿಗೆ ಹಕ್ಕಿದೆ. ಆ ಸಿಟ್ಟು ಮುಗಿಯುವ ತನಕ ಸಮರ್ಥನೆ ಹೇಳದೆ ಕೇಳಿಸಿಕೊಳ್ಳಿ. ನಿಮ್ಮ ರಾತ್ರಿಯ ಯೋಚನೆಗಳನ್ನೂ ಅವರಿಗೆ ತಿಳಿಸಿ. ಮನೆಯ ಕಾಗದದಲ್ಲಿ ಅವರ ಸಹಿಯೂ ಇದ್ದರೆ ಬ್ಯಾಂಕಿಗೆ ಇಬ್ಬರೂ ಕೂಡಿಯೇ ಹೋಗಿ. ಭಾವಮೈದುನನಿಗೆ, ಅವನ ಕಾಳಜಿಗೆ ನೀವು ಋಣಿ, ಆದರೆ ಪ್ರೆಸ್ಸಿನ ತೀರ್ಮಾನ ನಿಮ್ಮಿಬ್ಬರದು ಎಂದು ಮೃದುವಾಗಿ ಹೇಳಿ, ಬೆಳಗಿನ ವಿಡಿಯೊಗಳನ್ನು ನಿಲ್ಲಿಸಲು ಕೋರಿ. ಬ್ಯಾಂಕಿನವರು ಏನೆಂದರು ಎಂಬುದನ್ನು ನನಗೆ ಬರೆಯಿರಿ. ಮುಂದಿನ ಹೆಜ್ಜೆಯನ್ನು ಅದರ ಮೇಲೆ ಯೋಚಿಸೋಣ.